ಆಸ್ಪತ್ರೆ ಸಿಬ್ಬಂದಿಗೆ ಲಸಿಕೆ ಹಾಕುವ ಮಂಗಳೂರಿನ ಒಂದು ಸೇವೆ: ನಮ್ಮ ಅನುಭವ

ನಾನು ಕೆಲಸ ಮಾಡುವ ನರ್ಸಿಂಗ್ ಹೋಮ್ ಕಳೆದ ವರ್ಷ ತನ್ನ ಸಿಬ್ಬಂದಿಗೆ ಹೆಪಟೈಟಿಸ್-ಬಿ (ರಕ್ತದ ಮೂಲಕವೂ ಹರಡುವ, ಕಾಮಾಲೆ ತರಬಲ್ಲ ಯಕೃತ್ತಿನ ಸೋಂಕು) ಮತ್ತು ಫ್ಲೂ ಲಸಿಕೆ ಹಾಕಿಸುವ ಹೊಣೆಯನ್ನು ಮಂಗಳೂರಿನದೇ ಒಂದು ಖಾಸಗಿ ಲಸಿಕಾ ಕೇಂದ್ರಕ್ಕೆ ವಹಿಸಿತು. ಸೋಂಕು ನಿಯಂತ್ರಣದ ದಾಖಲೆ ನೋಡಿಕೊಳ್ಳುವವಳು ನಾನಾದ್ದರಿಂದ, ಯಾರು ಬಂದರು, ಯಾರು ತಪ್ಪಿಸಿಕೊಂಡರು, ಯಾಕೆ ತಪ್ಪಿಸಿಕೊಂಡರು ಎಂಬುದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಈ ಕೇಂದ್ರದ ದೊಡ್ಡ ಗುಣವೆಂದರೆ ಹಿಂಜರಿಯುವವರನ್ನು ಅಲ್ಲಿ ಗದರಿಸುವುದಿಲ್ಲ. ಆಸ್ಪತ್ರೆಯವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ಆದರೆ ‘ಇಷ್ಟು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಮೈಗೆ ತಾನಾಗಿಯೇ ಶಕ್ತಿ ಬಂದಿರುತ್ತದೆ’ ಎನ್ನುವ ಹಿರಿಯ ಸಿಸ್ಟರ್‌ಗಳು ನಮ್ಮಲ್ಲೇ ಇದ್ದಾರೆ. ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ತಾಗಿ ಚುಚ್ಚಿಕೊಂಡಾಗ ಎಲ್ಲರೂ ಮೊದಲು ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆಯಾದರೋ, ರೋಗಿಯ ರಕ್ತದಲ್ಲಿರುವ ವೈರಾಣುವಿನ ಪ್ರಮಾಣಕ್ಕೆ ಅನುಗುಣವಾಗಿ, ನೂರಕ್ಕೆ 6ರಿಂದ 30ರವರೆಗೂ ಇದೆ. ಅಲ್ಲಿನ ವೈದ್ಯೆ ಇದನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ನಿಧಾನವಾಗಿ ವಿವರಿಸಿದ ಮೇಲೆಯೇ ನಮ್ಮ ಲ್ಯಾಬಿನವರು ತೋಳು ಒಡ್ಡಿದ್ದು. ಕಾಮಾಲೆಗೆ ಊರಿನಲ್ಲಿ ನಾಟಿ ಮದ್ದು ಇದೆಯಲ್ಲ ಎಂದವರಿಗೂ ಅವರು ನಗದೆ ಉತ್ತರಿಸಿದರು: ಕಾಮಾಲೆಗಳಲ್ಲಿ ತಾನಾಗಿಯೇ ವಾಸಿಯಾಗುವವೂ ಇವೆ, ಹೆಪಟೈಟಿಸ್-ಬಿ ಮಾತ್ರ ಕೆಲವರಲ್ಲಿ ಜೀವನಪೂರ್ತಿ ಉಳಿದು ಯಕೃತ್ತನ್ನೇ ಕೆಡಿಸುತ್ತದೆ.

ಕೋವಿಡ್ ಲಸಿಕೆಯ ಮಾತೂ ನಡುವೆ ಬಂತು. 2021ರ ಜನವರಿ 16ರಂದು ದೇಶದಲ್ಲಿ ಅಭಿಯಾನ ಆರಂಭವಾದಾಗ ಸರದಿಯಲ್ಲಿ ಮೊದಲಿದ್ದವರು ಆರೋಗ್ಯ ಕಾರ್ಯಕರ್ತರೇ, ಮತ್ತು ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪ್ರಯೋಗದ ಫಲಿತಾಂಶ ಆಗ ಇನ್ನೂ ಹೊರಬಂದಿರಲಿಲ್ಲ. ಅಂದು ಪ್ರಶ್ನೆ ಕೇಳಿದವರನ್ನು ಲಸಿಕಾ ವಿರೋಧಿಗಳೆಂದು ಕರೆದದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಹಿ ಈಗಲೂ ಕೆಲವರಲ್ಲಿ ಉಳಿದಿದೆ.

ಕೆಲಸದ ಶಿಸ್ತಿನ ಬಗ್ಗೆ ದೂರಿಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು ಉಷ್ಣಾಂಶವನ್ನು ದಿನಕ್ಕೆರಡು ಬಾರಿ ಬರೆದಿಟ್ಟಿದ್ದನ್ನು ಕೇಳಿದ ಕೂಡಲೇ ತೋರಿಸಿದರು. ಹೆಪಟೈಟಿಸ್-ಬಿಯ ಮೂರು ಡೋಸ್‌ಗಳನ್ನು ಆರಂಭದಲ್ಲಿ, ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಕೊಟ್ಟು, ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಟೈಟರ್ ಪರೀಕ್ಷೆಯನ್ನೂ, ಅಂದರೆ ರಕ್ತದಲ್ಲಿ ರಕ್ಷಣೆ ಕೊಡುವ ಪ್ರತಿಕಾಯ ಎಷ್ಟು ಬೆಳೆದಿದೆ ಎಂದು ನೋಡುವ ಪರೀಕ್ಷೆಯನ್ನೂ, ಮಾಡಿದರು. ಪ್ರತಿಕಾಯದ ಮಟ್ಟ ರಕ್ಷಣೆಗೆ ಬೇಕಾದ 10 mIU/mLಗಿಂತ ಕಡಿಮೆ ಬಂದವರನ್ನು ಮತ್ತೆ ಕರೆಸಿ ಡೋಸ್ ಮುಂದುವರಿಸಿದರು. ಮೂರು ಡೋಸ್ ಮುಗಿಸಿ ಕಾರ್ಡು ಕೊಟ್ಟು ಕೈತೊಳೆದುಕೊಳ್ಳುವ ಕಡೆಗಳನ್ನು ನೋಡಿರುವ ನನಗೆ ಈ ಒಂದು ಕಾರಣಕ್ಕೇ ಕೊಟ್ಟ ಹಣ ಸಾರ್ಥಕವೆನಿಸಿತು. ನೈಟ್ ಡ್ಯೂಟಿ ಮುಗಿಸಿದವರಿಗೆಂದು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದದ್ದೂ ಒಳ್ಳೆಯದಾಯಿತು. ಲಸಿಕೆ ಬೇಡವೆನ್ನುವವರಲ್ಲಿ ಅರ್ಧದಷ್ಟು ಜನರಿಗೆ ನಿಜವಾಗಿ ಇದ್ದದ್ದು ಸಮಯದ ಸಮಸ್ಯೆ.

ಫ್ಲೂ ಲಸಿಕೆಯ ವಿಷಯದಲ್ಲಿ ಮಾತ್ರ ನಿರಾಸೆ. ನಮ್ಮ ಕರಾವಳಿಯಲ್ಲಿ ಮಳೆ ಹಿಡಿಯುವ ಮೊದಲೇ, ಅಂದರೆ ಮೇ ತಿಂಗಳಲ್ಲಿ ಹಾಕಬೇಕಾದ ಲಸಿಕೆ ಬಂದದ್ದು ಜುಲೈಯಲ್ಲಿ, ಓಪಿಡಿ ಜ್ವರದವರಿಂದ ತುಂಬಿದ ಮೇಲೆ. ಆಗ ಹಾಕಿಸಿಕೊಂಡು ಅದೇ ವಾರ ಶೀತ ಹಿಡಿದವರು ಲಸಿಕೆಯಿಂದಲೇ ಬಂತೆಂದು ಸಾರಿದರು. ಆ ಚುಚ್ಚುಮದ್ದಿನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಾಣು, ಅದರಿಂದ ಫ್ಲೂ ಬರಲಾರದು ಎಂದು ಎಷ್ಟು ಹೇಳಿದರೂ ಆ ಮಾತು ಅಳಿಯಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಒಪ್ಪಂದದಲ್ಲಿಯೇ ಇದೆ. ಅದರಲ್ಲಿ ನಮ್ಮ ಆಡಳಿತದ ಪಾಲೂ ಉಂಟು. ಪಟ್ಟಿಯಲ್ಲಿ ವೈದ್ಯರು, ನರ್ಸ್‌ಗಳು, ಟೆಕ್ನೀಷಿಯನ್‌ಗಳು ಇದ್ದರೇ ಹೊರತು ಗುತ್ತಿಗೆಯ ಹೌಸ್‌ಕೀಪಿಂಗ್‌ನವರು ಇರಲಿಲ್ಲ. ಬಳಸಿದ ಸೂಜಿಯಿರುವ ಕಸವನ್ನು ಎತ್ತುವವರೇ ಅವರು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಇಂಥ ತ್ಯಾಜ್ಯವನ್ನು ಮುಟ್ಟುವ ಎಲ್ಲರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಅವರಲ್ಲಿ ಯಾರೂ ಲಸಿಕೆ ಬೇಡವೆಂದಿರಲಿಲ್ಲ. ಬೇಕೇ ಎಂದು ಕೇಳಿದವರೇ ಇರಲಿಲ್ಲ. ಒಪ್ಪಂದ ನವೀಕರಿಸುವಾಗ ಅವರ ಹೆಸರುಗಳನ್ನು ಸೇರಿಸಬೇಕು, ಡೋಸ್ ನೆನಪಿಸುವ ಸಂದೇಶಗಳನ್ನು ಇಂಗ್ಲಿಷಿನ ಬದಲು ಕನ್ನಡದಲ್ಲಿ ಕಳುಹಿಸಬೇಕು ಎಂದು ನಾನು ಆಡಳಿತಕ್ಕೂ ಕೇಂದ್ರಕ್ಕೂ ಬರೆದುಕೊಟ್ಟಿದ್ದೇನೆ.