ಅಗ್ಗದ ‘ಲೈಫ್‌ಟೈಮ್’ ಆಫೀಸ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಲೆಕ್ಕ ನೋಡುತ್ತೇನೆ. ಕಂಪ್ಯೂಟರ್ ಕೆಟ್ಟರೆ ಅದನ್ನೂ ನಾನೇ ನೋಡುತ್ತೇನೆ. ಮುಖ್ಯ ಕಚೇರಿ ಇಲ್ಲೇ ಇದೆ, ಶಾಖೆಗಳು ಗದಗ, ಹಾವೇರಿ, ಬ್ಯಾಡಗಿಯಲ್ಲಿವೆ. ಎಲ್ಲ ಸೇರಿ 23 ಕಂಪ್ಯೂಟರ್. ಇಷ್ಟಕ್ಕೂ ಒಂದೇ ಸಲ ಹೊಸ ಮೈಕ್ರೋಸಾಫ್ಟ್ ಆಫೀಸ್ (ವರ್ಡ್, ಎಕ್ಸೆಲ್ ಇರುವ ಸಾಫ್ಟ್‌ವೇರ್) ಹಾಕಿಸಲು ಹೋಗಿ ನಾವು ಪಟ್ಟ ಪಾಡು ಇನ್ನೊಂದು ಸಂಘಕ್ಕೋ ಶಾಲೆಗೋ ಬರಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹತ್ತಿರ ಇದ್ದದ್ದು ಆಫೀಸ್ 2010 ಮತ್ತು 2016. 2010ಕ್ಕೆ ಕಂಪನಿಯ ಬೆಂಬಲ (ಸುರಕ್ಷತೆಯ ಅಪ್‌ಡೇಟ್) 2020ರಲ್ಲೇ ನಿಂತಿತ್ತು. 2016, 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೂ ಅದೇ ದಿನ ಕೊನೆ. ಬದಲಾಯಿಸಲೇಬೇಕು ಅಂತ ಆಡಳಿತ ಮಂಡಳಿ ಒಪ್ಪಿತು. ಎರಡು ಕಡೆ ದರ ಕೇಳಿದೆವು. ಒಬ್ಬರು ಹೇಳಿದ ಮೊತ್ತ ಕೇಳಿ ಅಧ್ಯಕ್ಷರು ಸುಮ್ಮನಾದರು. ಇನ್ನೊಬ್ಬರು ಕಂಪ್ಯೂಟರಿಗೆ ಬರೀ 800 ರೂಪಾಯಿ ಅಂದರು. “ಒಂದ್ಸಲ ಕೊಟ್ರ ಮುಗೀತ್ರಿ ಸರ್, ಲೈಫ್‌ಟೈಮ್ ಐತಿ. 365, ಲೇಟೆಸ್ಟ್.”

ಅಲ್ಲೇ ನಾನು ಎಚ್ಚರಾಗಬೇಕಿತ್ತು. ಮೈಕ್ರೋಸಾಫ್ಟ್ 365 ಅನ್ನೋದು ಚಂದಾ ಕಟ್ಟಿ ಬಳಸುವ ವಸ್ತು. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟುತ್ತಿರಬೇಕು. ಅದರಲ್ಲಿ ಲೈಫ್‌ಟೈಮ್ ಅಂತ ಒಂದು ಇಲ್ಲವೇ ಇಲ್ಲ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ 2024ರಂಥವು ಬೇರೆ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಬಿಲ್ಲಿನಲ್ಲೂ ‘ಸಾಫ್ಟ್‌ವೇರ್ ಇನ್‌ಸ್ಟಾಲೇಶನ್ ಚಾರ್ಜ್’ ಅಂತ ಒಂದೇ ಸಾಲು ಇತ್ತು. ಯಾವ ಸಾಫ್ಟ್‌ವೇರ್, ಎಷ್ಟು ಲೈಸೆನ್ಸ್, ಯಾರ ಹೆಸರಿಗೆ, ಏನೂ ಇಲ್ಲ. ಜಿಎಸ್‌ಟಿ ನಂಬರ್ ಕೂಡ ಇರಲಿಲ್ಲ. ಆ ಬಿಲ್ಲನ್ನು ಮಂಜೂರು ಮಾಡಿಸಿದವನು ನಾನೇ. ಆ ತಪ್ಪು ನನ್ನದು.

ದೀಪಾವಳಿಗೆ ಮುಂಚೆ ಇಬ್ಬರು ಹುಡುಗರು ಬಂದು ಮೂರು ದಿನದಲ್ಲಿ ಎಲ್ಲ ಕಡೆ ಹಾಕಿ ಹೋದರು. 365ರ ಐದು ಖಾತೆ ತಂದಿದ್ದರು. ಒಂದು ಖಾತೆಯನ್ನು ಐದು ಕಂಪ್ಯೂಟರಿಗೆ ಹಾಕಬಹುದು, ಅದು ನಿಜವೇ. ಆದರೆ ಆ ಐದೂ ಒಬ್ಬನೇ ಮನುಷ್ಯ ಬಳಸುವಂಥವು ಆಗಿರಬೇಕು. ಇವರು ಒಂದೊಂದು ಖಾತೆಯನ್ನು ಬೇರೆ ಬೇರೆ ಊರಿನ ಐದು ಜನಕ್ಕೆ ಹಂಚಿದರು. ಒಂದು ವಾರದಲ್ಲಿ ಹಾವೇರಿಯ ಹುಡುಗನ ಡೆಸ್ಕ್‌ಟಾಪ್ ಮೇಲೆ ಗದಗ ಶಾಖೆಯ ಸಂಬಳದ ಪಟ್ಟಿ ಕಾಣಿಸಿತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಅವರು ಒನ್‌ಡ್ರೈವ್‌ಗೆ (ಇಂಟರ್ನೆಟ್‌ನಲ್ಲಿ ಫೈಲು ಇಡುವ ಮೈಕ್ರೋಸಾಫ್ಟ್‌ನ ಜಾಗ) ಜೋಡಿಸಿದ್ದರು. ಖಾತೆ ಒಂದೇ ಆದ್ದರಿಂದ ಎಲ್ಲರ ಫೈಲೂ ಒಂದೇ ಚೀಲಕ್ಕೆ ಬಿದ್ದಿತ್ತು.

ಆರು ಕಂಪ್ಯೂಟರಿಗೆ ವಿಂಡೋಸ್ ಕೂಡ ಹೊಸದಾಗಿ ಹಾಕಿದ್ದರು. ಅದರ ಜೊತೆ ಕನ್ನಡಕ್ಕೆ ಬಳಸುತ್ತಿದ್ದ ನುಡಿ ಫಾಂಟ್ ಹೋಯಿತು. ಹಳೇ ಸಾಲದ ಕರಾರು ತೆರೆದರೆ ‘ಸಾಲ’ ಅನ್ನೋ ಕಡೆ ಅಲ್ಪವಿರಾಮದಂಥ ಒಂದು ಕೊಂಡಿ, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ದೊಡ್ಡ ‘ಎ’, ಸುತ್ತು ಹಾಕಿದ ‘ಆರ್’. ಗದಗದ ಅಕ್ಕಾರು ಫೋನ್ ಮಾಡಿ “ಸರ್, ಫೈಲಿಗೆ ವೈರಸ್ ಬಂದೈತಿ ಅನ್ನಿಸ್ತದ್ರಿ” ಅಂದರು. ಫೈಲು ಚೆನ್ನಾಗಿಯೇ ಇತ್ತು. ಹಳೇ ನುಡಿಯಲ್ಲಿ ಬರೆದದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಫಾಂಟ್ ಮತ್ತೆ ಹಾಕಿದ ಮೇಲೆ ಸರಿಹೋಯಿತು. ಇದು ಸಣ್ಣ ವಿಷಯ, ಆದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮುಂಚೆ ಯಾವ ಯಾವ ಫಾಂಟ್ ಇವೆ ಅಂತ ಬರೆದಿಟ್ಟುಕೊಳ್ಳಿ.

ದೊಡ್ಡ ಪೆಟ್ಟು ಬಿದ್ದದ್ದು ಮಾರ್ಚ್ ಎರಡನೇ ವಾರ. ಬೆಳಿಗ್ಗೆ ಹತ್ತೂವರೆಗೆ ಗದಗದಿಂದ ಫೋನ್. “ವರ್ಡ್ ತೆರೀತೈತ್ರಿ ಸರ್, ಆದ್ರ ಟೈಪ್ ಮಾಡಾಕ ಬಿಡವಲ್ದು.” ಹತ್ತು ನಿಮಿಷಕ್ಕೆ ಹಾವೇರಿ. ಊಟದ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲೂ ಅದೇ ಕಥೆ. ಫೈಲ್ ತೆರೆಯುತ್ತದೆ, ಪ್ರಿಂಟ್ ಕೂಡ ಆಗುತ್ತದೆ, ಒಂದು ಅಕ್ಷರ ತಿದ್ದಲು ಆಗುವುದಿಲ್ಲ. ಚಂದಾ ಇಲ್ಲದ 365 ಹೀಗೇ ನಿಲ್ಲುತ್ತದೆ. ಒನ್‌ಡ್ರೈವ್ ಅಂತೂ ಆ ಖಾತೆಯೇ ಇಲ್ಲ ಅಂದಿತು.

ಆಗ ನಾನು ಮೊದಲ ಸಲ ಆ ಖಾತೆಯ ಹೆಸರನ್ನು ಪೂರ್ತಿ ಓದಿದೆ. ‘ಅಟ್’ (@) ಚಿಹ್ನೆಯ ನಂತರ ಇದ್ದದ್ದು ಯಾವುದೋ ದೇಶದ ಕಾಲೇಜಿನ ವಿಳಾಸ. ವಿದ್ಯಾರ್ಥಿಗಳಿಗಂತ ಇಟ್ಟ ಖಾತೆಗಳು ಯಾರ್ಯಾರದೋ ಕೈ ದಾಟಿ ನಮಗೆ 800 ರೂಪಾಯಿಗೆ ಬಂದಿದ್ದವು. ಆ ಕಾಲೇಜಿನವರು ತಮ್ಮವರಲ್ಲದ ಖಾತೆಗಳನ್ನು ಅಳಿಸಿದ್ದರು. ಅವರದೇನೂ ತಪ್ಪಿಲ್ಲ. ಅಳಿಸಿದ ಖಾತೆಯನ್ನು 30 ದಿನದೊಳಗೆ ವಾಪಸ್ ತರಬಹುದು, ಆದರೆ ಅದು ಅಲ್ಲಿನ ಅಡ್ಮಿನ್ ಕೈಯಲ್ಲಿದೆ. ನಾವು ಯಾರು ಅವರಿಗೆ? ಅಂಗಡಿಯವರು ಎರಡು ದಿನ ಫೋನ್ ಎತ್ತಿದರು, ಆಮೇಲೆ ಎತ್ತಲಿಲ್ಲ.

ಫೈಲುಗಳ ವಿಷಯ ಹೇಳುತ್ತೇನೆ. ಒನ್‌ಡ್ರೈವ್‌ನಲ್ಲಿ ಫೈಲಿನ ಪಕ್ಕ ಹಸಿರು ಟಿಕ್ ಇದ್ದರೆ ಅದು ನಿಮ್ಮ ಡಿಸ್ಕಿನಲ್ಲೂ ಇದೆ. ನೀಲಿ ಮೋಡದ ಗುರುತು ಇದ್ದರೆ ನಿಮ್ಮ ಹತ್ತಿರ ಇರುವುದು ಹೆಸರು ಮಾತ್ರ. ಬ್ಯಾಡಗಿಯ ಕಂಪ್ಯೂಟರಿನಲ್ಲಿ ಡಿಸ್ಕ್ ತುಂಬಿದೆ ಅಂತ ಆ ಹುಡುಗರು ಸ್ಕ್ಯಾನ್ ಫೋಲ್ಡರಿನ ಮೇಲೆ ಜಾಗ ಖಾಲಿ ಮಾಡುವ ಆಯ್ಕೆ ಒತ್ತಿದ್ದರು. ಮೆಣಸಿನಕಾಯಿ ಸಾಲದ ಮೂರು ವರ್ಷದ ಕಾಗದಗಳು, ಎಲ್ಲದರ ಪಕ್ಕ ಮೋಡ. ಒಂದೂ ತೆರೆಯಲಿಲ್ಲ.

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಯಿತು. ಅಂದಿನಿಂದ ಸಂಘ ನಡೆದದ್ದು ಸದಸ್ಯರ ನಂಬಿಕೆಯ ಮೇಲೆ. ಸಂಘದ ಖಾತೆ ಪುಸ್ತಕವನ್ನು ಯಾರಾದರೂ ಗುರುತಿಲ್ಲದವರ ಮನೆ ಕಪಾಟಿನಲ್ಲಿ ಇಡುತ್ತಾರಾ? ನಾವು ಅದನ್ನೇ ಮಾಡಿದ್ದೆವು. ಸದಸ್ಯರ ಆಧಾರ್, ಪಾನ್, ಉತಾರ (ಪಹಣಿ), ಎಲ್ಲ ಐದು ತಿಂಗಳು ನಮ್ಮದಲ್ಲದ ಜಾಗದಲ್ಲಿತ್ತು. ಆ ಪಾಸ್‌ವರ್ಡ್ ಇದ್ದ ಯಾರು ಬೇಕಾದರೂ ನೋಡಬಹುದಿತ್ತು. ನನಗೆ ಇವತ್ತಿಗೂ ನಿದ್ದೆ ಕೆಡಿಸುವುದು ಇದೊಂದೇ.

ಈಗ ಮಾಡಿಕೊಂಡದ್ದು ಇಷ್ಟು. ಎಕ್ಸೆಲ್ ಮ್ಯಾಕ್ರೋ (ಕೆಲಸವನ್ನು ತಾನಾಗೇ ಮಾಡಿಸುವ ಆದೇಶಗಳ ಸರಣಿ) ಬೇಕೇಬೇಕಾದ ಒಂಬತ್ತು ಜನಕ್ಕೆ ಸಂಘದ ಹೆಸರಿನಲ್ಲೇ ಚಂದಾ ಕೊಂಡೆವು, ತಲೆಗೊಂದು ಖಾತೆ. ಉಳಿದ 14 ಕಂಪ್ಯೂಟರಿಗೆ ಲಿಬ್ರೆಆಫೀಸ್ ಹಾಕಿದೆವು. ಅದು ಪುಕ್ಕಟೆ, ಮೆನು ಕೂಡ ಕನ್ನಡದಲ್ಲಿ ಸಿಗುತ್ತದೆ, ಪತ್ರ ಪಟ್ಟಿ ಮಾಡುವ ಕೌಂಟರ್ ಕೆಲಸಕ್ಕೆ ಧಾರಾಳ ಸಾಕು. ಈ ಸಲ ಎಲ್ಲ ಕಡೆ ಒಮ್ಮೆಲೇ ಹಾಕಲಿಲ್ಲ. ಮೊದಲು ಎರಡು ಕಂಪ್ಯೂಟರಿಗೆ ಹಾಕಿ ಒಂದು ವಾರ ಬಡ್ಡಿ ಲೆಕ್ಕ, ನುಡಿ ಫೈಲು, ಪಾಸ್‌ಬುಕ್ ಪ್ರಿಂಟರ್ ಎಲ್ಲ ನೋಡಿದೆವು. ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡುವ ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್ ಇದೆ. ಅದರಿಂದ ಆಫೀಸನ್ನು ಒಂದು ಸಲ ಇಳಿಸಿಕೊಂಡರೆ ಪೆನ್‌ಡ್ರೈವ್‌ನಲ್ಲಿ ಒಯ್ದು ಎಲ್ಲ ಶಾಖೆಗೂ ಹಾಕಬಹುದು. ಹಳೇ ಆಫೀಸನ್ನು ತೆಗೆಯುವ ಕೆಲಸವನ್ನೂ ಅದೇ ಮಾಡುತ್ತದೆ. ಅಡ್ಮಿನ್ ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಇಬ್ಬರ ಸಹಿ ಮಾಡಿ ಲಾಕರಿನಲ್ಲಿ ಇಟ್ಟಿದ್ದೇವೆ.

ನಿಮ್ಮ ಕಚೇರಿಯಲ್ಲೂ ಯಾರೋ ಬಂದು ಹಾಕಿ ಹೋದ ಆಫೀಸ್ ಇದೆಯಾ? ದಯವಿಟ್ಟು ಇವತ್ತೇ ವರ್ಡ್ ತೆರೆದು, ಫೈಲ್ ಒತ್ತಿ, ಅಕೌಂಟ್ ನೋಡಿ. ಅಲ್ಲಿ ಯಾವ ಇಮೇಲ್ ವಿಳಾಸ ಕಾಣುತ್ತದೆ ಅಂತ ಪೂರ್ತಿ ಓದಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕೆಲಸ ಅಥವಾ ಶಾಲೆಯ ಖಾತೆ ಅನ್ನೋ ಜಾಗವನ್ನೂ ನೋಡಿ. ನಮ್ಮ ಎಂಟು ಕಂಪ್ಯೂಟರ್ ಆ ಕಾಲೇಜಿನ ಹೆಸರಿಗೇ ನೋಂದಣಿ ಆಗಿದ್ದವು. ಗುರುತಿಲ್ಲದ ಹೆಸರು ಕಂಡರೆ ಖಾತೆ ತೆಗೆಯಲು ಅವಸರ ಮಾಡಬೇಡಿ. ಮೊದಲು ಮೋಡದ ಗುರುತು ಇರುವ ಫೈಲುಗಳನ್ನೆಲ್ಲ ಡಿಸ್ಕಿಗೆ ಇಳಿಸಿ, ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಖಾತೆ ತೆಗೆಯುವುದು ಆಮೇಲೆ.

ಬ್ಯಾಡಗಿಯ ಕಾಗದಗಳ ಮೂಲ ಪ್ರತಿ ಕಪಾಟಿನಲ್ಲಿತ್ತು, ಪುಣ್ಯ. ಅಲ್ಲಿನ ಅಕ್ಕಾರು ಕೌಂಟರ್ ಮುಚ್ಚಿದ ಮೇಲೆ ದಿನಾ ಒಂದು ತಾಸು ಕೂತು ಒಂದೊಂದೇ ಹಾಳೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದಾರೆ. ಮೊದಲ ವರ್ಷದ ಕಟ್ಟು ಮೊನ್ನೆ ಮುಗಿಯಿತು.