ಕಯೋಟಿ ಶಿಕಾರಿಗೆ ಇಬ್ಬರು ಹೊರಟರೆ: ಕರೆಯುವ ಯಂತ್ರವೋ, ಬಾಯಲ್ಲಿ ಊದುವ ಪೀಪಿಯೋ?

ಅಮೆರಿಕದ ಉತ್ತರ ನೆವಾಡಾದ ಸೇಜ್ ಪೊದೆಗಳ ಬಯಲಿನಲ್ಲಿ ಕಯೋಟಿಯನ್ನು (ನಾಯಿ, ತೋಳಗಳ ಕುಲದ ಕಾಡುಪ್ರಾಣಿ) ಹುಡುಕಿಕೊಂಡು ನಡೆದರೆ ಕಾಲು ಸೋಲುತ್ತದೆ, ಪ್ರಾಣಿ ಕಾಣುವುದಿಲ್ಲ. ಅದನ್ನು ಕರೆದೇ ತರಿಸಬೇಕು. ಮೊಲವೊಂದು ಪ್ರಾಣಸಂಕಟದಲ್ಲಿ ಕಿರುಚುವ ಸದ್ದು, ಇಲ್ಲವೇ ಇನ್ನೊಂದು ಕಯೋಟಿ ಊಳಿಡುವ ಸದ್ದು ಕಿವಿಗೆ ಬಿದ್ದರೆ ಅರ್ಧ ಮೈಲಿ ಆಚೆಯಿಂದಲೂ ಬಂದುಬಿಡುತ್ತದೆ. ಕರೆಯುವುದಕ್ಕೆ ಎರಡು ಸಾಧನ: ರಿಮೋಟ್‌ನಲ್ಲಿ ನಡೆಸುವ ಸ್ಪೀಕರ್ ಯಂತ್ರ, ಬಾಯಲ್ಲಿ ಊದುವ ಪೀಪಿ. ಎರಡನ್ನೂ ಒಂದೇ ಬಗೆಯ ನೆಲದಲ್ಲಿ, ಒಂದೇ ಹವೆಯಲ್ಲಿ, ಇಬ್ಬರು ಕೂತು ಹೋಲಿಸಿ ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ. ಸಾಧನ ಯಾವುದೇ ಇರಲಿ, ಇಬ್ಬರಲ್ಲಿ ಒಬ್ಬರು ಗಾಳಿ ಹೋಗುವ ದಿಕ್ಕಿನಲ್ಲಿ ಕಾಯದಿದ್ದರೆ ಬಂದ ಕಯೋಟಿಗಳಲ್ಲಿ ಹೆಚ್ಚಿನವು ಕಣ್ಣಿಗೇ ಬೀಳದೆ ಹಿಂತಿರುಗುತ್ತವೆ. ಯಂತ್ರ ಮತ್ತು ಪೀಪಿಯ ನಡುವಿನ ನಿಜವಾದ ವ್ಯತ್ಯಾಸವಿರುವುದು ಆ ಎರಡನೆಯವರನ್ನು ಎಲ್ಲಿ ಕೂರಿಸಬೇಕು ಎನ್ನುವುದರಲ್ಲಿ.

ಕಾರಣ ಸರಳ. ಪಶ್ಚಿಮದ ಕಯೋಟಿ 9ರಿಂದ 16 ಕಿಲೋ ತೂಗುವ ಪ್ರಾಣಿ, ಕಣ್ಣು ಕಿವಿ ಎರಡೂ ಚುರುಕು. ಆದರೂ ಕೊನೆಗೆ ಅದು ನಂಬುವುದು ಮೂಗನ್ನೇ. ಸದ್ದು ಬಂದ ಜಾಗವನ್ನು ಗುರುತಿಟ್ಟುಕೊಂಡು, ನೇರವಾಗಿ ನುಗ್ಗದೆ ಸುತ್ತು ಹಾಕಿ, ಆ ಜಾಗದ ವಾಸನೆ ಗಾಳಿಯಲ್ಲಿ ತನಗೆ ಸಿಗುವ ಕಡೆಗೆ ಬರುತ್ತದೆ. ಮನುಷ್ಯರ ವಾಸನೆ ಬಡಿದರೆ ಮುಗಿಯಿತು. ಆ ಕಯೋಟಿ ಅದೇ ಸದ್ದಿಗೆ ಮತ್ತೆ ಸುಲಭವಾಗಿ ಮೋಸಹೋಗುವುದಿಲ್ಲ. ಸರ್ಕಾರಿ ಜಮೀನಿಗೆ ಯಾರು ಬೇಕಾದರೂ ಬರಬಹುದಾದ್ದರಿಂದ ರಸ್ತೆಯ ಪಕ್ಕದಲ್ಲಿ ಇಂಥ ಪಾಠ ಕಲಿತ ಕಯೋಟಿಗಳೇ ಜಾಸ್ತಿ.

ಯಂತ್ರ

ಫಾಕ್ಸ್‌ಪ್ರೊ, ಐಕೊಟೆಕ್, ಲಕ್ಕಿ ಡಕ್ ಕಂಪನಿಗಳ ಯಂತ್ರಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಬೆಲೆ ನೂರು ಚಿಲ್ಲರೆ ಡಾಲರಿನಿಂದ ಶುರುವಾಗಿ ಐನೂರು ದಾಟುತ್ತದೆ. ಇದರ ದೊಡ್ಡ ಗುಣವೆಂದರೆ ಸದ್ದು ನಿಮ್ಮಿಂದ ದೂರದಲ್ಲಿ ಹುಟ್ಟುತ್ತದೆ. ಕಯೋಟಿಯ ಕಣ್ಣು ಸ್ಪೀಕರ್ ಮೇಲೆ ನೆಟ್ಟಿರುವಾಗ ಕೋವಿಯನ್ನು ಒಂದಿಷ್ಟು ತಿರುಗಿಸಿದರೂ ನಡೆಯುತ್ತದೆ. ಎರಡು ಕೈಯೂ ಬಿಡುವಾಗಿರುತ್ತವೆ. ಗಾಳಿ ಜೋರಿದ್ದಾಗ ಬಾಯಿಯ ಪೀಪಿ ಮುಟ್ಟಲಾರದಷ್ಟು ದೂರಕ್ಕೆ ಇದರ ದನಿ ಹೋಗುತ್ತದೆ. ಮೊಲ, ಇಲಿ, ಹಕ್ಕಿ, ಕಯೋಟಿ ಮರಿ, ಊಳು, ಜಗಳ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ.

ಕೈಕೊಡುವುದು ಹೆಚ್ಚಾಗಿ ಬ್ಯಾಟರಿ. ಬೆಳಗಿನ ಜಾವ ಮೈನಸ್ 12 ಡಿಗ್ರಿ ಇರುವಲ್ಲಿ ಸಾದಾ ಆಲ್ಕಲೈನ್ ಸೆಲ್‌ಗಳು ಬೇಗ ಸೋಲುತ್ತವೆ: ಮೊದಲು ದೊಡ್ಡ ದನಿಯಲ್ಲಿ ಸದ್ದು ಒಡೆಯುತ್ತದೆ, ಆಮೇಲೆ ರಿಮೋಟ್ ಕೊಟ್ಟ ಆಜ್ಞೆ ತಡವಾಗಿ ನಡೆಯುತ್ತದೆ. ಲಿಥಿಯಂ ಸೆಲ್ ಹಾಕಿ, ರಿಮೋಟನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ರಿಮೋಟ್ ಮತ್ತು ಪೆಟ್ಟಿಗೆಯ ನಡುವೆ ದಿಬ್ಬ ಅಡ್ಡ ಬರಬಾರದು. ಪೆಟ್ಟಿಗೆಯನ್ನು ನೆಲಕ್ಕೆ ಒತ್ತಿ ಇಡುವುದಕ್ಕಿಂತ ಮೊಣಕಾಲೆತ್ತರದ ಪೊದೆಯ ಕವಲಿನಲ್ಲಿ ಇಟ್ಟರೆ ಸಿಗ್ನಲ್ ಗಟ್ಟಿಯಾಗಿರುತ್ತದೆ, ಸದ್ದೂ ದೂರ ಹೋಗುತ್ತದೆ.

ಇನ್ನೊಂದು ತೊಂದರೆ ಬಳಸುವವರ ಅವಸರ. ಬಟನ್ ಒತ್ತಿದ ಕೂಡಲೇ ಪೂರ್ತಿ ದನಿ ಕೊಟ್ಟರೆ 150 ಗಜದ ಹಳ್ಳದಲ್ಲಿ ಮಲಗಿದ್ದ ಕಯೋಟಿ ಬೆಚ್ಚಿ ಓಡುತ್ತದೆ. ಅದು ಅಲ್ಲಿತ್ತೆಂಬ ಸುಳಿವೂ ನಿಮಗೆ ಸಿಗುವುದಿಲ್ಲ. ಮೊದಲ ಒಂದು ನಿಮಿಷ ಮಾತಿನ ದನಿಯಷ್ಟೇ ಸದ್ದು ಸಾಕು. ಜೊತೆಗೆ, ಯಂತ್ರದಲ್ಲಿ ಮೊದಲೇ ಬಂದಿರುವ ಜನಪ್ರಿಯ ಮೊಲದ, ಅಂದರೆ ಜ್ಯಾಕ್‌ರ‍್ಯಾಬಿಟ್ ಸದ್ದನ್ನು ಅದೇ ಕಣಿವೆಯಲ್ಲಿ ಪ್ರತಿ ವಾರಾಂತ್ಯ ಯಾರಾದರೂ ನುಡಿಸಿರುತ್ತಾರೆ. ಪಟ್ಟಿಯ ಕೆಳಗಿರುವ ಹಕ್ಕಿಯ ಸದ್ದು, ಇಲಿಯ ಸದ್ದು ಇಂಥಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪೀಪಿ

ಹತ್ತರಿಂದ ಮೂವತ್ತು ಡಾಲರ್, ಜೇಬಿನಲ್ಲಿ ತೂಕವೇ ಗೊತ್ತಾಗದ ವಸ್ತು. ಎರಡು ಬಗೆ ಇದೆ. ನಾಲಿಗೆ, ಅಂದರೆ ಸದ್ದು ಹುಟ್ಟಿಸುವ ತೆಳ್ಳನೆಯ ಪಟ್ಟಿ, ಕೊಳವೆಯೊಳಗೆ ಮುಚ್ಚಿರುವ ಪೀಪಿಯನ್ನು ಸುಮ್ಮನೆ ಊದಿದರೆ ಸಾಕು, ಮೊಲ ಕಿರುಚುತ್ತದೆ. ಹೊಸಬರು ಒಂದೇ ದಿನದಲ್ಲಿ ಕಲಿಯಬಹುದು. ಆದರೆ ಅದರಲ್ಲಿ ಸ್ವರ ಒಂದೇ. ಉಸಿರಿನ ತೇವ ನಾಲಿಗೆಯ ಮೇಲೆ ಹೆಪ್ಪುಗಟ್ಟಿದರೆ ಚಳಿಯಲ್ಲಿ ದನಿಯೇ ನಿಂತುಹೋಗುತ್ತದೆ. ತೆರೆದ ನಾಲಿಗೆಯ ಪೀಪಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಹೊರಗೇ ಕಾಣುತ್ತದೆ. ಅದರ ಮೇಲೆ ತುಟಿ ಒತ್ತುವ ಜಾಗದಿಂದ ಸ್ವರ ಬದಲಾಗುತ್ತದೆ: ತುದಿಯ ಹತ್ತಿರ ಒತ್ತಿದರೆ ಇಲಿಯ, ಮೊಲದ ಕೀರಲು, ಒಳಗೆ ಸರಿದಷ್ಟೂ ದಪ್ಪ ದನಿ, ಕೊನೆಗೆ ಕಯೋಟಿಯ ಊಳು. ಕೈಗೂಡಲು ಕೆಲವು ವಾರ ಬೇಕು. ಕಾರಿನಲ್ಲಿ ಒಬ್ಬರೇ ಇರುವಾಗ ಅಭ್ಯಾಸ ಮಾಡುವುದು ಮೇಲು. ತೇವ ಕಟ್ಟಿದರೆ ಒಮ್ಮೆ ಜಾಡಿಸಿ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಪಾಠ ಕಲಿತ ಕಯೋಟಿಗಳಿರುವ ಕಡೆ ತೆರೆದ ನಾಲಿಗೆಯ ಪೀಪಿಯೇ ಯಂತ್ರಕ್ಕಿಂತ ಮುಂದು. ಪ್ರತಿ ಸಲವೂ ದನಿ ಬೇರೆಯಾಗುತ್ತದೆ, ಬಿಕ್ಕುತ್ತದೆ, ನಡುವೆ ಸೋಲುತ್ತದೆ, ಎದುರಿನ ಪ್ರಾಣಿ ನಿಂತಿತೋ ಓಡಿತೋ ನೋಡಿ ಆ ಕ್ಷಣಕ್ಕೇ ಬದಲಾಯಿಸಬಹುದು.

ಇದರ ಕೊರತೆಯೂ ಅಷ್ಟೇ ದೊಡ್ಡದು. ಸದ್ದು ನಿಮ್ಮ ಮುಖದಿಂದಲೇ ಹೊರಡುತ್ತದೆ, ಕಯೋಟಿ ನೇರವಾಗಿ ನಿಮ್ಮ ಕಣ್ಣನ್ನೇ ನೋಡುತ್ತಾ ಬರುತ್ತದೆ. ಪೀಪಿ ಹಿಡಿದ ಕೈ ಇಳಿಸಿ ಕೋವಿಗೆ ತರುವಾಗ ಸಿಕ್ಕಿಬೀಳುವುದು ಸಾಮಾನ್ಯ. ಒಬ್ಬರೇ ಇದ್ದರೆ ಇದು ಕಷ್ಟದ ಕೆಲಸ. ಇಬ್ಬರಿದ್ದರೆ ಈ ಕೊರತೆಯೇ ಲಾಭಕ್ಕೆ ತಿರುಗುತ್ತದೆ, ಕಯೋಟಿಯ ಗಮನವೆಲ್ಲ ಊದುವವರ ಮೇಲಿರುವಾಗ ಗುಂಡು ಹಾರಿಸುವವರು ಬೇರೆ ಕಡೆ ಇರುತ್ತಾರಲ್ಲ.

ಇಬ್ಬರೂ ಎಲ್ಲಿ ಕೂರಬೇಕು

ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು ದಿಬ್ಬದ ಹಿಂದೆ ಮರೆಯಲ್ಲಿ ನಿಲ್ಲಿಸಿ, ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ, 300ರಿಂದ 400 ಗಜ ನಡೆಯಬೇಕು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಲ್ಲಬಾರದು.

ಯಂತ್ರವಾದರೆ, ಮೊದಲನೆಯವರು ಪೊದೆಯೊಂದಕ್ಕೆ ಬೆನ್ನು ಕೊಟ್ಟು ಉತ್ತರಕ್ಕೆ ಮುಖ ಮಾಡಿ ಕೂರುತ್ತಾರೆ. ಪೊದೆ ಹಿಂದಿರಬೇಕು, ಮುಂದಲ್ಲ. ಮುಂದಿದ್ದರೆ ನಳಿಗೆಗೆ ಅಡ್ಡಿ. ಪೆಟ್ಟಿಗೆ ಅವರ ಮುಂದೆ 40ರಿಂದ 60 ಗಜ ದೂರದಲ್ಲಿ, ಸ್ವಲ್ಪ ಎಡಕ್ಕೆ, ಅಂದರೆ ಗಾಳಿ ಬರುವ ಕಡೆಗೆ. ಕಯೋಟಿ ಪೆಟ್ಟಿಗೆಯ ಪೂರ್ವಕ್ಕೆ ಸುತ್ತಿ ಬರುತ್ತದೆ. ಆ ಸುತ್ತು ಮೊದಲನೆಯವರ ಬಲಗಡೆ ಹಾಯುವುದರಿಂದ ಎರಡನೆಯವರು ಅವರಿಂದ 60ರಿಂದ 80 ಗಜ ಬಲಕ್ಕೆ ಕೂತು ಈಶಾನ್ಯದ ಬಯಲನ್ನು ಕಾಯಬೇಕು.

ಪೀಪಿಯಾದರೆ ಎರಡನೆಯವರು ಇನ್ನೂ ದೂರ, ಊದುವವರಿಂದ 80ರಿಂದ 100 ಗಜ ಪೂರ್ವಕ್ಕೆ. ಕಯೋಟಿ ಊದುವವರನ್ನೇ ಸುತ್ತಲು ಬರುವುದರಿಂದ ವಾಸನೆ ಸಿಗುವ ಮೊದಲೇ ಇವರ ಮುಂದೆ ಹಾಯಬೇಕು. ಈ ಜೋಡಣೆಯಲ್ಲಿ ಮೊದಲ ಈಡಿನ ಹಕ್ಕು ಎರಡನೆಯವರದ್ದೇ. ಊದುವವರು ಕೋವಿಯನ್ನು ಮಡಿಲಲ್ಲೇ ಇಟ್ಟುಕೊಂಡಿರುವುದು ಒಳ್ಳೆಯದು.

ಕೂರುವ ಮೊದಲು ಬೆರಳು ತೋರಿಸಿ ಗಡಿ ಹೇಳಿಕೊಳ್ಳಲೇಬೇಕು: ಆ ಒಂಟಿ ಜೂನಿಪರ್ ಮರದಿಂದ ಬಲಕ್ಕೆ ನಿನ್ನದು, ಎಡಕ್ಕೆ ನನ್ನದು, ಓಡುವ ಪ್ರಾಣಿಯ ಹಿಂದೆ ನಳಿಗೆ ಆ ಗೆರೆ ದಾಟಬಾರದು. ಇಬ್ಬರೂ ಕಿತ್ತಳೆ ಬಣ್ಣದ ಟೋಪಿ ಹಾಕಲಿ. ಕಯೋಟಿಯ ಕಣ್ಣು ಕೆಂಪು ಮತ್ತು ಕಿತ್ತಳೆಯನ್ನು ನಮ್ಮಂತೆ ಬೇರೆ ಮಾಡಿ ಕಾಣುವುದಿಲ್ಲ. ಅದೇ ಕಣಿವೆಯಲ್ಲಿ ಕೂತಿರಬಹುದಾದ ಇನ್ನೊಬ್ಬ ಶಿಕಾರಿಗೆ ಮಾತ್ರ ಆ ಟೋಪಿ ಚೆನ್ನಾಗಿ ಕಾಣುತ್ತದೆ.

ಕೂತ ಮೇಲೆ ಎರಡು ನಿಮಿಷ ಮೌನ. ಆಮೇಲೆ ಅರ್ಧ ನಿಮಿಷ ಸಣ್ಣ ದನಿ, ಒಂದೆರಡು ನಿಮಿಷ ನಿಲುಗಡೆ, ಮತ್ತೆ ಸ್ವಲ್ಪ ದೊಡ್ಡ ದನಿ. ಯಂತ್ರಕ್ಕೆ 15 ನಿಮಿಷ, ಪೀಪಿಗೆ 20 ನಿಮಿಷ ಕೊಟ್ಟರೆ ಸಾಕು. ಜನವರಿ, ಫೆಬ್ರವರಿ ಜೋಡಿಗೂಡುವ ಕಾಲ. ಆಗ ಊಳಿನಿಂದ ಕರೆದರೆ ಅವು ನಿಧಾನವಾಗಿ ಬರುವುದರಿಂದ ಅರ್ಧ ಗಂಟೆ ಕಾಯಬೇಕು. ಶರತ್ಕಾಲದಲ್ಲಿ ಮರಿಗಳು ಹೊಸದಾಗಿ ಚದುರಿರುತ್ತವೆ, ಅನುಭವ ಕಡಿಮೆ, ಮೊಲದ ಸದ್ದಿಗೆ ಯಂತ್ರವೇ ಧಾರಾಳ. ಓಡಿ ಬರುತ್ತಿರುವುದನ್ನು ನಿಲ್ಲಿಸಲು ಬಾಯಿಂದ ಒಂದು ಗಟ್ಟಿ 'ವುಫ್' ಸಾಕು, ಆದರೆ ಕೋವಿ ಹೆಗಲಿಗೆ ಬಂದ ಮೇಲೆ ಮಾತ್ರ. ಈಡು ಬಿದ್ದ ಕೂಡಲೇ ಎದ್ದು ಓಡಬಾರದು. ಗಾಯಗೊಂಡ ಮರಿಯ ಕುಂಯ್‌ಗುಡುವಿಕೆಯನ್ನು ಮೂರು ನಾಲ್ಕು ನಿಮಿಷ ನುಡಿಸಿದರೆ ಜೊತೆಗಾರ ಕಯೋಟಿ ನಿಲ್ಲುವುದು, ಮರಳುವುದು ಉಂಟು. ಇದರಲ್ಲಿ ಯಂತ್ರವೇ ಮೇಲು, ಒಂದು ಬಟನ್ನಿನ ಕೆಲಸ.

ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ತೆರೆದ ನಾಲಿಗೆಯ ಪೀಪಿ ಕೊಂಡು, ಉಳಿದದ್ದನ್ನು ಪೆಟ್ರೋಲಿಗೂ ಒಳ್ಳೆಯ ಟೈರಿಗೂ ಹಾಕಿ ಎನ್ನುತ್ತೇವೆ. ಇಬ್ಬರೂ ಹೊಸಬರಾಗಿದ್ದರೆ ಮಾತ್ರ ಯಂತ್ರವೇ ಸರಿ.

ಕೋವಿ

.223 ರೆಮಿಂಗ್ಟನ್ ಮತ್ತು .22-250 ರೆಮಿಂಗ್ಟನ್ ಎಂಬ ಎರಡು ಬಗೆಯ ರೈಫಲ್ ತೋಟಾಗಳ ನಡುವೆ ವಾದ ಬಹಳ. 55 ಗ್ರೇನ್ ತೂಕದ ಗುಂಡು ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು 3,240 ಅಡಿ, ಎರಡನೆಯದರಲ್ಲಿ ಸುಮಾರು 3,680 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಗುರಿ ಕಟ್ಟಿದರೆ 300 ಗಜದಲ್ಲಿ .223ರ ಗುಂಡು ಸುಮಾರು 7 ಇಂಚು, .22-250ರದ್ದು ಸುಮಾರು 5 ಇಂಚು ಕೆಳಗಿಳಿಯುತ್ತದೆ. ಕರೆದು ಹೊಡೆಯುವ ಶಿಕಾರಿಯಲ್ಲಿ ಹೆಚ್ಚಿನ ಈಡುಗಳು 150 ಗಜದೊಳಗೇ ಇರುವುದರಿಂದ ನಮಗೆ .223 ಸಾಕು. ತೋಟಾ ಅಗ್ಗ, ಒದೆತ ಕಡಿಮೆಯಾದ್ದರಿಂದ ಏಟು ಬಿದ್ದದ್ದು ದೂರದರ್ಶಕದಲ್ಲೇ ಕಾಣುತ್ತದೆ. ಪೂರ್ವಕ್ಕೆ ಕೂತವರ ಕೈಯಲ್ಲಿ, ಪೊದೆ ಎತ್ತರವಿರುವ ಹಳ್ಳಗಳಲ್ಲಿ, 12 ಬೋರಿನ ತೋಟಾಕೋವಿ (ಶಾಟ್‌ಗನ್) ಎರಡಕ್ಕಿಂತಲೂ ಒಳ್ಳೆಯದು. 40 ಗಜ ದಾಟಿದರೆ ಮಾತ್ರ ಅದನ್ನು ಎತ್ತಬಾರದು, ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ನರಳಿ ಸಾಯುತ್ತದೆ.

ಕಾಗದಪತ್ರ ಮತ್ತು ನೆಲ

ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರು ಗಮನವಿಟ್ಟು ಓದಬೇಕಾದ ಮಾತೊಂದಿದೆ. ನೆವಾಡಾದಲ್ಲಿ ಕಯೋಟಿಗೆ ಶಿಕಾರಿ ಲೈಸೆನ್ಸ್ ಬೇಡ, ವ್ಯೋಮಿಂಗ್‌ನಲ್ಲೂ ಬೇಡ. ಆದರೆ ಎಚ್-1ಬಿ, ಎಫ್-1 ಮುಂತಾದ ವೀಸಾದ ಮೇಲೆ ಇರುವವರು ಬಂದೂಕು ಹಿಡಿಯುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಮುಖ್ಯ ವಿನಾಯಿತಿ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸೆನ್ಸ್. ಹಾಗಾಗಿ ರಾಜ್ಯ ಕೇಳದಿದ್ದರೂ ವೀಸಾದವರು ಲೈಸೆನ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡೇ ಗೆಳೆಯರ ಕೋವಿಯನ್ನು ಮುಟ್ಟಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ. ಕ್ಯಾಲಿಫೋರ್ನಿಯಾದ ಒಳಗೇ ಶಿಕಾರಿ ಮಾಡುವುದಾದರೆ ಕಯೋಟಿಗೂ ಲೈಸೆನ್ಸ್ ಬೇಕು. 2019ರ ಜುಲೈ 1ರಿಂದ ಅಲ್ಲಿ ಸೀಸದ ಗುಂಡಿನಿಂದ ಯಾವ ಕಾಡುಪ್ರಾಣಿಯನ್ನೂ ಹೊಡೆಯುವಂತಿಲ್ಲ. ಭಾರತದಲ್ಲಿ, ಊರಿನ ಕಡೆ ಹೀಗೆ ಹೊರಡುವ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ನರಿಯನ್ನೂ ಕಾಯುತ್ತದೆ.

ನೆವಾಡಾದ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯ ಕೈಯಲ್ಲಿದೆ. ಐ-80 ಹೆದ್ದಾರಿಯ ಎರಡೂ ಬದಿ, ವಿನಮಕ್ಕಾ, ಎಲ್ಕೊ ಊರುಗಳ ಸುತ್ತಮುತ್ತ, ಅದು ಚದುರಂಗದ ಮಣೆಯಂತೆ ಹರಡಿದೆ: ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿ. 1860ರ ದಶಕದಲ್ಲಿ ರೈಲು ಕಂಪನಿಗಳಿಗೆ ಒಂದು ಬಿಟ್ಟು ಒಂದು ಚೌಕ ಕೊಟ್ಟಿದ್ದರ ಫಲ ಇದು. ನೆಲದ ಮೇಲೆ ಗಡಿ ಕಾಣುವುದಿಲ್ಲ, ಹಾಗಾಗಿ ಜಮೀನಿನ ಒಡೆತನ ತೋರಿಸುವ ನಕ್ಷೆಯ ಆ್ಯಪನ್ನು ಮನೆಯಲ್ಲಿರುವಾಗಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು. ಹೆದ್ದಾರಿಯಿಂದ ದೂರ ಉತ್ತರಕ್ಕೆ, ಡೆನಿಯೊ ಕಡೆಗೆ ಹೋದರೆ ಸರ್ಕಾರಿ ನೆಲ ಒಂದೇ ಹರವಾಗಿ ಸಿಗುತ್ತದೆ. ನಾವು ಮೆಚ್ಚುವುದು ಆ ಕಡೆಯನ್ನೇ. ಆದರೆ ವಿನಮಕ್ಕಾದಿಂದ ಅಲ್ಲಿಗೆ ಸುಮಾರು 100 ಮೈಲಿ, ನಡುವೆ ಪೆಟ್ರೋಲ್ ಬಂಕನ್ನು ನಂಬುವಂತಿಲ್ಲ. ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದಾದರೂ ಬೇಕು. ಚೂಪು ಕಲ್ಲಿನ ದಾರಿಯಾದ್ದರಿಂದ ಸ್ಟೆಪ್ನಿ ಎರಡಿರಲಿ.

ಬಿಎಲ್‌ಎಂ ನೆಲದಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಬಾಡಿಗೆಯಿಲ್ಲದೆ ಡೇರೆ ಹಾಕಬಹುದು. ಮೋಟೆಲ್‌ಗಿಂತ ಡೇರೆ ಮೇಲೆನ್ನುವುದಕ್ಕೆ ಹಣವೊಂದೇ ಕಾರಣವಲ್ಲ. ಹಿಮ ಕರಗಿದ ಮೇಲೆ ಆ ಮಣ್ಣು ದಾರಿಗಳು ಗಾಡಿಯನ್ನು ನುಂಗುತ್ತವೆ. ನೆಲ ಹೆಪ್ಪುಗಟ್ಟಿರುವ ಬೆಳಗಿನ ಜಾವವೇ ಓಡಾಟ ಮುಗಿಸಿ, ಹತ್ತು ಗಂಟೆಯ ಮೇಲೆ ಗಟ್ಟಿ ದಾರಿಗೆ ಬಂದಿರಬೇಕು, ಡೇರೆ ಅಲ್ಲೇ ಹತ್ತಿರವಿದ್ದರೆ ಇದು ಸುಲಭ. ಒಂದು ಜಾಗದಲ್ಲಿ ಕರೆದ ಮೇಲೆ ಮುಂದಿನದು ದಿಬ್ಬ ಹಳ್ಳಗಳ ನೆಲದಲ್ಲಿ ಒಂದು ಮೈಲಿಯಾಚೆ, ತೆರೆದ ಬಯಲಿನಲ್ಲಿ ಎರಡು ಮೈಲಿಯಾಚೆ ಇರಲಿ. ಗಾಡಿ ಹತ್ತುವ ಮೊದಲು ಕೋವಿಯನ್ನು ಪೂರ್ತಿ ಖಾಲಿ ಮಾಡಿ. ಹೆದ್ದಾರಿಯಿಂದಾಗಲಿ, ಅದರ ಅಡ್ಡಕ್ಕಾಗಲಿ ಗುಂಡು ಹಾರಿಸುವುದು ನೆವಾಡಾದಲ್ಲಿ ಅಪರಾಧ.

ಬಿದ್ದ ಕಯೋಟಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಈ ಪಶ್ಚಿಮ ರಾಜ್ಯಗಳ ಕಾಡುಪ್ರಾಣಿಗಳ ಚಿಗಟಗಳಲ್ಲಿ ಪ್ಲೇಗ್ ಇನ್ನೂ ಉಳಿದುಕೊಂಡಿದೆ. ದೇಹ ತಣ್ಣಗಾದಂತೆ ಚಿಗಟಗಳು ಅದನ್ನು ಬಿಟ್ಟು ಹತ್ತಿರದ ಬಿಸಿ ಮೈಗೆ ಹಾರುತ್ತವೆ. ನೈಟ್ರೈಲ್ ಕೈಗವಸು ಹಾಕಿ, ಪ್ರಾಣಿಯನ್ನು ದಪ್ಪ ಕಸದ ಚೀಲಕ್ಕೆ ಸೇರಿಸಿ, ಬಾಯಿ ಬಿಗಿದು, ಮನುಷ್ಯರು ಕೂರುವ ಕಡೆಯಲ್ಲದೆ ಗಾಡಿಯ ಹಿಂಬದಿಯ ತೆರೆದ ಭಾಗದಲ್ಲಿ ಇಡಬೇಕು. ಚರ್ಮ ಬೇಕಿದ್ದವರು ಅದೇ ದಿನ ಸುಲಿಯಬೇಕು. ನವೆಂಬರ್ ನಡುವಿನಿಂದ ಜನವರಿ ನಡುವಿನ ತನಕ ತುಪ್ಪಳ ದಟ್ಟವಾಗಿರುತ್ತದೆ. ಬೆನ್ನಿನಲ್ಲೋ ಬಾಲದಲ್ಲೋ ಕೂದಲು ಉದುರಿ ಚರ್ಮ ಹಕ್ಕಳೆಗಟ್ಟಿದ್ದರೆ ಅದು ಕಜ್ಜಿ. ಅಂಥದ್ದನ್ನು ಗಾಡಿಗೆ ಹಾಕಲೇಬಾರದು.