ಕಾಲುವೆ ದೋಣಿಯಲ್ಲಿ ಏಳು ಚಳಿಗಾಲ: ಒಲೆಯೋ ಹೀಟರೋ, ಡಾಂಬರೋ ಎಪಾಕ್ಸಿಯೋ

ಮೊದಲೇ ಹೇಳಿಬಿಡುತ್ತೇನೆ: ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಕಲ್ಲಿದ್ದಲಿನ ಒಲೆಯನ್ನೇ ಇಟ್ಟುಕೊಳ್ಳುತ್ತೇನೆ. ಡೀಸೆಲ್ ಹೀಟರ್ ಕೊಡುವ ಸುಖ ಒಲೆಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಕಾಲುವೆ ಹೆಪ್ಪುಗಟ್ಟಿರುವಾಗ, ಹತ್ತಿರದ ರಸ್ತೆಗೆ ಎರಡು ಮೈಲಿ ಇರುವ ಕಡೆ, ರಾತ್ರಿ ಹತ್ತು ಗಂಟೆಗೆ ಕೆಟ್ಟದ್ದನ್ನು ನಾನೇ ಸರಿಮಾಡಿಕೊಳ್ಳಬಲ್ಲೆನೇ ಅನ್ನುವುದು ನನಗೆ ಸುಖಕ್ಕಿಂತ ದೊಡ್ಡ ಪ್ರಶ್ನೆ.

ನಾವಿಬ್ಬರು 2017ರ ಅಕ್ಟೋಬರಿನಿಂದ ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅನ್ನುವ ಉದ್ದನೆಯ, ಕಿರಿದಾದ ದೋಣಿಯಲ್ಲೇ ವಾಸ. ಉದ್ದ 57 ಅಡಿ, ಅಗಲ 6 ಅಡಿ 10 ಅಂಗುಲ. ಹಳೆಯ ಕಿರಿದಾದ ಲಾಕ್‌ಗಳು (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಯನ್ನು ದಾಟಿಸುವ ಬಾಗಿಲಿನ ಕಟ್ಟೆಗಳು) 7 ಅಡಿ ಅಗಲ ಇರುವುದರಿಂದ ಅದಕ್ಕಿಂತ ಅಗಲದ ದೋಣಿಗೆ ಎಷ್ಟೋ ಕಾಲುವೆಗಳ ಬಾಗಿಲೇ ತೆರೆಯುವುದಿಲ್ಲ. ಕಾಯಂ ಮೂರಿಂಗ್, ಅಂದರೆ ದೋಣಿ ಕಟ್ಟಿಡುವ ಸ್ವಂತ ಜಾಗ, ನಮಗಿಲ್ಲ. ಇಲ್ಲಿನ ಕಾಲುವೆಗಳ 1995ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 14 ದಿನಕ್ಕೊಮ್ಮೆ ಜಾಗ ಬಿಟ್ಟು ಮುಂದೆ ಸಾಗುತ್ತಿರಬೇಕು. ಹಾಗಾಗಿ ದಡದಿಂದ ಕರೆಂಟಿನ ತಂತಿ ಎಳೆದುಕೊಳ್ಳುವ ಅನುಕೂಲವೂ ಇಲ್ಲ. ಬೆಚ್ಚಗಿರಬೇಕು ಅಂದರೆ ಏನಾದರೂ ಉರಿಸಲೇಬೇಕು.

ದೋಣಿ ಕೊಂಡಾಗ ಮುಂದಿನ ಕೋಣೆಯಲ್ಲಿ ಒಲೆ ಇತ್ತು. 2019ರಲ್ಲಿ ಎಂಜಿನ್ ಪಕ್ಕಕ್ಕೆ 5 ಕಿಲೋವಾಟಿನ ಡೀಸೆಲ್ ಹೀಟರ್ ಹಾಕಿಸಿದೆವು. ಅದು ನೀರನ್ನು ಕಾಯಿಸಿ ಮೂರು ರೇಡಿಯೇಟರ್‌ಗಳಿಗೆ ಹರಿಸುತ್ತದೆ. ಮೊದಲ ಚಳಿಗಾಲ ಅದರ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತು. ಬೆಳಿಗ್ಗೆ ಆರಕ್ಕೆ ಟೈಮರ್ ಹಚ್ಚಿಕೊಳ್ಳುತ್ತದೆ, ಏಳುವಷ್ಟರಲ್ಲಿ ಮಲಗುವ ಕೋಣೆ ಬೆಚ್ಚಗಿರುತ್ತದೆ, ಸ್ನಾನಕ್ಕೆ ಬಿಸಿನೀರು ಸಿದ್ಧ. ಒಲೆ ಒಂದೇ ಇದ್ದಾಗ ಮುಂದಿನ ಕೋಣೆ 24 ಡಿಗ್ರಿ ಇದ್ದರೆ ಹಿಂದೆ ಮಲಗುವ ಕಡೆ 11 ಇರುತ್ತಿತ್ತು. ಕಿಟಕಿಯ ಅಂಚಿನಿಂದ ನೀರಿಳಿದು ಹಾಸಿಗೆಯ ಅಡಿಯ ಹಲಗೆಗೆ ಬೂಷ್ಟು ಹಿಡಿಯುತ್ತಿತ್ತು. ಹೀಟರ್ ಬಂದ ಮೇಲೆ ಬೂಷ್ಟು ನಿಂತಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಓಡಿಸಿದರೆ ದಿನಕ್ಕೆ ಎರಡೂವರೆ ಲೀಟರ್ ಡೀಸೆಲ್ ಸಾಕು.

ಅದು ಕೈಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ಬ್ರಾನ್‌ಸ್ಟನ್ ಊರು ದಾಟಿ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ದೋಣಿ ಕಟ್ಟಿದ್ದೆವು. ಆ ತಿಂಗಳ ಎರಡನೇ ವಾರ ಇಡೀ ದೇಶ ಮರಗಟ್ಟಿತ್ತು, ಕಾಲುವೆಯ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಟೈಮರ್ ಹಚ್ಚಿತು, ಫ್ಯಾನ್ ತಿರುಗಿತು, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು, ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೇ ಸಲಕ್ಕೆ ಅದು ತನ್ನನ್ನು ತಾನೇ ಲಾಕ್ ಮಾಡಿಕೊಂಡಿತು.

ಕಾರಣ ಎರಡು. ಒಂದು, ಡೀಸೆಲ್ ಹೊತ್ತಿಸುವ ಗ್ಲೋ ಪಿನ್ ಶುರುವಾಗುವಾಗ ಬ್ಯಾಟರಿಯಿಂದ ತುಂಬ ಕರೆಂಟ್ ಎಳೆಯುತ್ತದೆ. ಡಿಸೆಂಬರಿನಲ್ಲಿ ಸೋಲಾರ್‌ನಿಂದ ಏನೂ ಬರುವುದಿಲ್ಲ. ನಮ್ಮ ಹಳೆಯ ಸೀಸದ ಬ್ಯಾಟರಿಗಳ ವೋಲ್ಟೇಜು ಆ ಎಳೆತಕ್ಕೆ ಕುಸಿದುಬಿಡುತ್ತಿತ್ತು. ಎರಡು, ನಾವು ಅದನ್ನು ಯಾವಾಗಲೂ ಸಣ್ಣ ಉರಿಯಲ್ಲಿ ಇಡುತ್ತಿದ್ದೆವು. ಇಂಥ ಹೀಟರ್ ಪೂರ್ತಿ ಉರಿಯಲ್ಲಿ ಓಡಬೇಕು, ಇಲ್ಲದಿದ್ದರೆ ಒಳಗೆ ಮಸಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಇದನ್ನು ಅಳವಡಿಸಿದವರು ನಮಗೆ ಹೇಳಿರಲಿಲ್ಲ. ರಿಪೇರಿಗೆ ಜನ ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಬಿಚ್ಚಿ ತೋರಿಸಿದಾಗ ಬರ್ನರ್‌ನ ಒಳಗೋಡೆಯ ಮೇಲೆ ಹೊತ್ತಿದ ಮುದ್ದೆಯ ಸೀಕಿನ ಹಾಗೆ ಕರಿ ಪದರ ಕೂತಿತ್ತು.

ಆ ಹನ್ನೊಂದು ದಿನ ನಮ್ಮನ್ನು ಕಾಪಾಡಿದ್ದು ಒಲೆ.

ಒಲೆಗೆ ದುಡಿಯಬೇಕು, ಅದು ನಿಜ. ಕಡುಚಳಿಯಲ್ಲಿ 25 ಕಿಲೋ ಹೊಗೆರಹಿತ ಇದ್ದಲಿನ ಚೀಲ ಎರಡು ದಿನಕ್ಕೆ ಮುಗಿಯುತ್ತದೆ. (ಹಳೆಯ ಕಾಲದ ಹೊಗೆಯ ಕಲ್ಲಿದ್ದಲನ್ನು ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳಿಂದ ಮನೆ ಬಳಕೆಗೆ ಮಾರುವಂತಿಲ್ಲ.) ಚೀಲಗಳನ್ನು ಇದ್ದಲು ಮಾರುವ ದೋಣಿಯಿಂದ ಕೊಂಡು ಮಾಡಿನ ಮೇಲೆ ಪೇರಿಸಬೇಕು, ದಿನಕ್ಕೆರಡು ಸಲ ಬೂದಿ ತೆಗೆಯಬೇಕು, ಪುಸ್ತಕದ ಮೇಲೆಲ್ಲ ಸಣ್ಣ ಧೂಳು. ನನಗೆ ಒಲೆ ಹೊಸದಾಗಿರಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮಜ್ಜಿ ರಾತ್ರಿ ಹಂಡೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಎಬ್ಬಿಸುತ್ತಿದ್ದರು. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಬೆಳಗಾಗುವಷ್ಟರಲ್ಲಿ ಒಲೆ ತಣ್ಣಗೆ. ಸೌದೆಗೆ ಬೂದಿಯ ಹಾಸಿಗೆ ಬೇಕು, ಗಾಳಿ ಮೇಲಿಂದ ಸಾಕು. ಕಲ್ಲಿದ್ದಲಿಗೆ ಗಾಳಿ ಅಡಿಯಿಂದಲೇ ಬರಬೇಕು. ಮಲಗುವ ಮುಂಚೆ ಜಾಲರಿ ಅಲ್ಲಾಡಿಸಿ ಬೂದಿ ಇಳಿಸಿ, ಇದ್ದಲು ತುಂಬಿ, ಚೆನ್ನಾಗಿ ಹತ್ತಿದ ಮೇಲೆ ಅಡಿಯ ಕಿಂಡಿಯನ್ನು ಕೂದಲೆಳೆಯಷ್ಟು ಬಿಡಬೇಕು. ಈಗ ನವೆಂಬರಿನಲ್ಲಿ ಹಚ್ಚಿದ ಬೆಂಕಿ ಮಾರ್ಚಿನವರೆಗೆ ಆರುವುದು ಅಪರೂಪ.

ಒಲೆ ಕೆಟ್ಟದ್ದೂ ಉಂಟು. 2020ರಲ್ಲಿ ಕಿಂಡಿ ಮುಚ್ಚಿದರೂ ಉರಿ ಹತೋಟಿಗೆ ಬರುತ್ತಿರಲಿಲ್ಲ. ಬಾಗಿಲ ಸುತ್ತ ಗಾಳಿ ತಡೆಯಲು ಕೂರಿಸಿದ, ಶಾಖಕ್ಕೆ ಸುಡದ ಹಗ್ಗ ಸವೆದು ಗಾಳಿ ಒಳನುಗ್ಗುತ್ತಿತ್ತು. ಒಲೆ ಆರಿಸಿ, ಹಳೆಯ ಹಗ್ಗ ಕಿತ್ತು, ಹಗ್ಗ ಕೂರುವ ಸಂದಿನಲ್ಲಿ ಕಲ್ಲಾಗಿದ್ದ ಅಂಟನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು, ಹೊಸ ಹಗ್ಗವನ್ನು ಎಳೆಯದೆ ಸಡಿಲವಾಗಿ ಕೂರಿಸಿ ಬಾಗಿಲು ಮುಚ್ಚಿಟ್ಟೆ. ಮುಕ್ಕಾಲು ಗಂಟೆಯ ಕೆಲಸ. ಹೀಟರಿನಲ್ಲಿ ಅಂಥ ಮುಕ್ಕಾಲು ಗಂಟೆ ನನಗೆ ಸಿಗುವುದಿಲ್ಲ.

ಆದರೆ ಒಲೆಗೆ ಹೀಟರಿಗಿಂತ ದೊಡ್ಡ ಅಪಾಯವೊಂದಿದೆ. 2021ರ ಜನವರಿಯಲ್ಲಿ ಒಂದು ಸಂಜೆ ಬೂದಿಯ ಬಕೆಟ್ಟನ್ನು ಮುಂದಿನ ಡೆಕ್ಕಿನ ಟಾರ್ಪಾಲಿನ ಕೆಳಗಿಟ್ಟು ಒಳಗೆ ಬಂದೆ. ರಾತ್ರಿ ಎರಡೂವರೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು. ಬೂದಿಯೊಳಗಿನ ಕೆಂಡ ಜೀವಂತವಾಗಿತ್ತು. ಅದರಿಂದ ಹೊರಟ ಆ ವಿಷಗಾಳಿ ಟಾರ್ಪಾಲಿನಡಿ ತುಂಬಿ, ಬಾಗಿಲ ಜಾಲಂಧ್ರದಿಂದ ಒಳಗೆ ಹರಿಯುತ್ತಿತ್ತು. ವಾಸನೆ ಇಲ್ಲ, ಹೊಗೆ ಇಲ್ಲ. ಕಿಟಕಿ ಬಾಗಿಲು ತೆರೆದು ಇಬ್ಬರೂ ದಡದ ಮೇಲೆ ಕಂಬಳಿ ಹೊದ್ದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. 2019ರ ಏಪ್ರಿಲಿನಿಂದ ವಾಸದ ದೋಣಿಗಳಲ್ಲಿ ಆ ಅಲಾರಂ ಕಡ್ಡಾಯ. ಕಡ್ಡಾಯ ಅಂತ ಅಲ್ಲ, ಜೀವಕ್ಕಾಗಿ ಇಡಿ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಬಯಲಲ್ಲೇ ಇಡಿ.

ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಹೊಸದರ ಕಡೆಗೇ. 2023ರ ವಸಂತದಲ್ಲಿ ಸೀಸದ ನಾಲ್ಕು ಬ್ಯಾಟರಿ ತೆಗೆದು ಲಿಥಿಯಂ ಹಾಕಿದ ಮೇಲೆ ಹೀಟರ್ ಒಮ್ಮೆಯೂ ವೋಲ್ಟೇಜಿಗಾಗಿ ನಿಂತಿಲ್ಲ, ಏಕೆಂದರೆ ಖಾಲಿಯಾಗುವ ತನಕ ಅದರ ವೋಲ್ಟೇಜು ಹೆಚ್ಚು ಬೀಳುವುದಿಲ್ಲ. ಎರಡು ಎಚ್ಚರ: ಸೊನ್ನೆ ಡಿಗ್ರಿಯ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಹಾಗಾಗಿ ಎಂಜಿನ್ ಕೋಣೆಯಿಂದ ಮಂಚದ ಕೆಳಗೆ ತಂದೆವು. ಸಿಕ್ಕಷ್ಟೂ ಕರೆಂಟ್ ನುಂಗುವುದರಿಂದ ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸುಡದ ಹಾಗೆ ನಡುವೆ ಒಂದು ಚಾರ್ಜರ್ ಬೇಕು.

2022ರ ಅದೇ ಡಿಸೆಂಬರಿನ ಮಂಜುಗಡ್ಡೆ ಇನ್ನೊಂದು ಹೋಲಿಕೆಗೂ ದಾರಿ ಮಾಡಿತು. ದೋಣಿಯ ಹೊಟ್ಟೆಗೆ ಬಳಿಯುವ ಕಪ್ಪು ಬಣ್ಣಕ್ಕೆ ಇಲ್ಲಿ ಬ್ಲ್ಯಾಕಿಂಗ್ ಅನ್ನುತ್ತಾರೆ. ಡಾಂಬರಿನ ಬಣ್ಣವನ್ನು ನಾವೇ ಎರಡು ಸಲ, 2018 ಮತ್ತು 2021ರಲ್ಲಿ, ನೀರು ಬರಿದು ಮಾಡಿ ದೋಣಿ ನಿಲ್ಲಿಸುವ ಡ್ರೈ ಡಾಕ್‌ನಲ್ಲಿ ಬಳಿದೆವು: ನೀರಿನ ರಭಸದಿಂದ ಪಾಚಿ ತೊಳೆದು, ಚಿಪ್ಪು ಕೆರೆದು, ರೋಲರ್ ಹಿಡಿದು ಮೂರು ಕೋಟು. ಖರ್ಚು ಕಡಿಮೆ, ಯಾರು ಬೇಕಾದರೂ ಮಾಡಬಹುದು. ಆದರೆ ಎರಡು ಮೂರು ವರ್ಷಕ್ಕೆ ಮತ್ತೆ ಬೇಕು. ಮಂಜು ಕರಗುತ್ತಿದ್ದಾಗ ಅವಸರಪಟ್ಟು ನೀರು ತುಂಬಿಸಿಕೊಳ್ಳಲು ಹೊರಟೆವು. ಗಾಜಿನಂಥ ಚೂರುಗಳು ನೀರಿನ ಗೆರೆಯ ಉದ್ದಕ್ಕೂ ಬಣ್ಣ ಕೆತ್ತಿ ಬರಿ ಉಕ್ಕು ಕಾಣಿಸಿದವು. ಮುಂದಿನ ಬೇಸಿಗೆ ಸರ್ವೇಯರ್ ಅಲ್ಟ್ರಾಸೌಂಡಿನಲ್ಲಿ ಅಳೆದಾಗ 6 ಮಿಲಿಮೀಟರಿನ ಪಕ್ಕದ ತಗಡು ಒಂದು ಕಡೆ 5.2ಕ್ಕೆ ಇಳಿದಿತ್ತು.

ಆಗ ಎರಡು ಭಾಗ ಬೆರೆಸಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಬಣ್ಣಕ್ಕೆ ಬದಲಾದೆವು. ಹಳೆಯ ಡಾಂಬರಿನ ಮೇಲೆ ಅದು ಹಿಡಿಯುವುದಿಲ್ಲ. ಮರಳಿನಂಥ ಒರಟು ಗ್ರಿಟ್ ಸಿಡಿಸಿ ಬೆಳ್ಳಿಯಂತೆ ಹೊಳೆಯುವ ತನಕ ಉಕ್ಕನ್ನು ಬೋಳು ಮಾಡಿ, ತುಕ್ಕು ಮೂಡುವ ಮೊದಲೇ ಬಳಿಯಬೇಕು. ನಮ್ಮ ಕೈಕೆಲಸದ ಡಾಂಬರಿಗೆ ಹೋಲಿಸಿದರೆ ಐದು ಪಟ್ಟಿಗೂ ಮೀರಿ ಖರ್ಚಾಯಿತು. ಈವರೆಗೆ ಲಾಕಿನ ಗೋಡೆಗೆ ಉಜ್ಜಿದರೂ ಗೀರಷ್ಟೇ ಬಿದ್ದಿದೆ, ಸಿಪ್ಪೆ ಎದ್ದಿಲ್ಲ. ದೋಣಿಯನ್ನು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಎಪಾಕ್ಸಿ. ಮೂರು ವರ್ಷದ ಮಾತಾದರೆ ಡಾಂಬರೇ ಸಾಕು.

ಕೊನೆಯದು, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಕಸ. ಶಾಫ್ಟಿಗೆ ಹಾಕಿಸಿದ ಕತ್ತರಿ ಬ್ಲೇಡು ಪ್ಲಾಸ್ಟಿಕ್ ಚೀಲ, ಹಗ್ಗಗಳನ್ನು ಚೆನ್ನಾಗಿ ತುಂಡರಿಸುತ್ತದೆ. ಭಾರತೀಯರು ಹೆಚ್ಚಿರುವ ಲಂಡನ್ನಿನ ಸೌತಾಲ್ ಹತ್ತಿರ, ಪೂಜೆಯ ತೆಂಗಿನಕಾಯಿಗಳು ತೇಲುವ ಕಡೆ, ಅದು ಸೋತಿತು. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪ್ರೊಪೆಲ್ಲರಿನ ಮೇಲಿರುವ ಮುಚ್ಚಳದ ಕಿಂಡಿ, ವೀಡ್ ಹ್ಯಾಚ್, ತೆರೆದು ತೋಳುದ್ದ ನೀರಿಗೆ ಕೈಯಿಟ್ಟರೆ ಬಟ್ಟೆ. ಬ್ರೆಡ್ ಕೊಯ್ಯುವ ಚಾಕುವಿನಿಂದ ಒಂದೂವರೆ ಗಂಟೆ ಕೊಯ್ದು ತೆಗೆದೆ: ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು. ಯಾರೋ ಗಂಗೆಯೆಂದು ಈ ನೀರಿಗೆ ಒಪ್ಪಿಸಿದ್ದು. ಕಸದ ಡಬ್ಬಿಗೆ ಎಸೆಯಲು ಮನಸ್ಸು ಬರಲಿಲ್ಲ. ಉಳಿದ ತುಂಡುಗಳನ್ನು ಒಗೆದು ಒಣಗಿಸಿದೆ, ಒಲೆ ಒರೆಸಲು ಮಾತ್ರ ಬಳಸುವುದಿಲ್ಲ. ಬ್ಲೇಡು ಇರಲಿ, ಆದರೆ ಚಾಕು ಹ್ಯಾಚಿನ ಪಕ್ಕದಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಮುಚ್ಚಳದ ತಿರುಪು ಪೂರ್ತಿ ಬಿಗಿದು, ಎಂಜಿನ್ ಹಚ್ಚಿ ಹಿಂದಕ್ಕೆ ಓಡಿಸಿ, ಟಾರ್ಚ್ ಬಿಟ್ಟು ಅಂಚಿನಲ್ಲಿ ನೀರು ಜಿನುಗುತ್ತಿದೆಯೇ ನೋಡಿ. ಆ ಮುಚ್ಚಳ ಸಡಿಲವಿದ್ದು ಮುಳುಗಿದ ದೋಣಿಗಳುಂಟು.